ಆವಿಯಂತ್ರವೂ ವಿದ್ಯುತ್ ಮೋಟಾರೂ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪ್ರಾಂತದ ಹತ್ತಿಯು ಗಿರಣಿಯಲ್ಲಿ ಅರಳೆಯಾಗುವುದು; ಮೆಣಸಿನಕಾಯಿಯು ಪುಡಿಯಾಗುವುದು, ಇಲ್ಲವೆ ಅದರಿಂದ ಬಣ್ಣದ ಸತ್ವವನ್ನು ತೆಗೆಯುವರು. ಗಿರಣಿಯ ಉರುವಲಿನ ಖರ್ಚು ಕೊನೆಗೆ ರೈತನ ಮಾಲಿನ ಬೆಲೆಯನ್ನೇ ತಟ್ಟುವುದು. ಅದರ ಹೊಗೆಯು ಅವನ ಊರಿನ ಮೇಲೆಯೇ ಇಳಿಯುವುದು. ಆದಕಾರಣ ಈ ವಿಚಾರವನ್ನು ರೈತ ಬಾಂಧವರೂ ಅರಿತಿರುವುದು ಒಳ್ಳೆಯದು.

ನಮ್ಮ ನಾಡಿನಲ್ಲಿ ಈ ಬದಲಾವಣೆಯ ದೊಡ್ಡ ನಿದರ್ಶನವು ಕೋಲಾರದ ಚಿನ್ನದ ಗಣಿಗಳದು. 1902ರಲ್ಲಿ ಶಿವನಸಮುದ್ರದ ಜಲಶಕ್ತಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೂಲಕ ಗಣಿಗಳನ್ನು ಮುಟ್ಟಿ, ಅಲ್ಲಿಯ ಆವಿಯಂತ್ರಗಳ ಕೆಲಸವನ್ನು ವಹಿಸಿಕೊಳ್ಳತೊಡಗಿತು.

ಚಿಕ್ಕ ಆವಿಯಂತ್ರವು ಉರುವಲಿನ 100 ಪಾಲು ಶಾಖದಲ್ಲಿ 10 ಪಾಲನ್ನು ಕೂಡ ಕೆಲಸವಾಗಿ ಕೊಡುವುದು ಅಪರೂಪ. ಒಂದೇ ಯಂತ್ರವು ಉದ್ದನೆಯ ದಂಡವನ್ನೂ ಪಟ್ಟಿಗಳನ್ನೂ ತಿರುಗಿಸುವುದರಿಂದ ಅದರಲ್ಲಿಯೂ ಕೆಲವು ಪಾಲು ಸವೆಯುವುದು. ಮೋಟಾರಾದರೋ ತನಗೆ ಬಂದ ವಿದ್ಯುತ್ತಿನ 85ರಿಂದ 95 ಪಾಲನ್ನು ಕೆಲಸವಾಗಿಸುವುದು. ಕೆಲಸವಿಲ್ಲದಾಗ ನಿಲ್ಲಿಸಿದರೆ ಏನನ್ನೂ ಉಣ್ಣದು.

"ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುವುದಲ್ಲವೆ? ಹೊಗೆಯು ಊರು ಬದಲಿಸಿತಷ್ಟೆ" ಎಂದು ಕೆಲವರು ಕೇಳುವರು. ದೊಡ್ಡ ಶಾಖ ವಿದ್ಯುತ್ ಕೇಂದ್ರವು 100 ಪಾಲಿನಲ್ಲಿ ಸುಮಾರು 35ನ್ನು ವಿದ್ಯುತ್ತಾಗಿಸುವುದು. ತಂತಿ ಮತ್ತು ಮೋಟಾರುಗಳ ನಷ್ಟವನ್ನು ಕಳೆದರೂ ಕಾಲುಭಾಗದಷ್ಟು ಕೆಲಸವು ಕೈಸೇರುವುದು. ಅಂದರೆ ಅದೇ ಕೆಲಸಕ್ಕೆ ಅರ್ಧಕ್ಕಿಂತ ಕಡಿಮೆ ಉರುವಲು. ಶರಾವತಿಯ ನೀರು, ಗದಗಿನ ಗಾಳಿ, ಪಾವಗಡದ ಬಿಸಿಲುಗಳಿಂದ ಬರುವ ವಿದ್ಯುತ್ತಿಗೆ ಈ ಹೊಗೆಯೂ ಇಲ್ಲ.

ತಿರುಗಿಸುವ ಆವಿಯಂತ್ರದ ಕಾಲವು ಕಳೆಯಿತು. ಆದರೆ ಕಾಯಿಸುವ ಬಾಯ್ಲರು ಉಳಿದಿದೆ. ಬಣ್ಣದ ಸತ್ವವನ್ನು ದ್ರಾವಕದಿಂದ ಬೇರ್ಪಡಿಸಲು ಶಾಖವು ಬೇಕು. ಇಲ್ಲಿ ಮಾತ್ರ ಎಚ್ಚರಿಕೆ ಅವಶ್ಯ. ಒಳ್ಳೆಯ ಬಾಯ್ಲರು ಉರುವಲಿನ 70 ಪಾಲಿಗೂ ಮೇಲ್ಪಟ್ಟು ಶಾಖವನ್ನು ಆವಿಗೆ ಒಪ್ಪಿಸುವುದು. ಕಲ್ಲಿದ್ದಲಿನ ವಿದ್ಯುತ್ತಿನಿಂದ ಬರಿಯ ಕಾಯಿಸುವ ಸುರುಳಿಯನ್ನು ಉರಿಸಿದರೆ ಒಟ್ಟು ಹೊಗೆಯು ತಗ್ಗದೆ ಹೆಚ್ಚುವುದು.

ಆದುದರಿಂದ ತಿರುಗಿಸುವ ಕೆಲಸವನ್ನು ನಿಶ್ಶಂಕೆಯಿಂದ ಮೋಟಾರಿಗೆ ವಹಿಸಬೇಕು. ಶಾಖದ ಕೆಲಸದಲ್ಲಿ ಮೊದಲು ಆವಿಯ ಕೊಳವೆಗಳಿಗೆ ಹೊದಿಕೆ ಹಾಕಿ ಸೋರಿಕೆಯನ್ನು ನಿಲ್ಲಿಸಬೇಕು. ಮೆಣಸಿನಕಾಯಿಯನ್ನು ಒಣಗಿಸಲು ಹೆಚ್ಚಿನ ಶಾಖವು ಬೇಡ. 60 ಡಿಗ್ರಿ ಸೆಲ್ಸಿಯಸ್ ಮೀರಿದರೆ ಬಣ್ಣವು ಕೆಡುವ ಭಯವುಂಟು. ಅದಕ್ಕೆ ಬಿಸಿಲೇ ಸಾಕು. ಮೋಡದ ದಿನಗಳಲ್ಲಿ ಉಷ್ಣಪಂಪು ಒಳ್ಳೆಯದು. ಅದು ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಮೂರು ಯೂನಿಟ್ ಶಾಖವನ್ನು ಕೊಡುವುದು. ಬಣ್ಣಕ್ಕಾಗಿಯೇ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆಯನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಹೊಗೆಯಿಲ್ಲದ ಒಣಗುವಿಕೆಯೇ ತಕ್ಕದ್ದು.