ಅಳುವ ಮುಖ ಹಾಕಿದರೆ ದೇಣಿಗೆ ಬರುತ್ತದೆಯೇ?

ಅನಾಥಾಲಯ, ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆ ನಡೆಸುವ ಟ್ರಸ್ಟ್‌ಗಳು ಈಗ ಜಿಲ್ಲಾ ಕೇಂದ್ರಗಳಲ್ಲೂ ವೆಬ್‌ಸೈಟ್ ಮಾಡಿಸಿಕೊಂಡಿವೆ. ಎಷ್ಟೋ ಕಡೆ ಕೆಲಸ ಪ್ರಾಮಾಣಿಕವಾಗಿ ನಡೆಯುತ್ತಿದ್ದರೂ ವೆಬ್‌ಸೈಟ್‌ನಿಂದ ದೇಣಿಗೆ ಮಾತ್ರ ಬರುವುದಿಲ್ಲ. ಕೊಡುವವರು ಏಕೆ ಕೊಡುತ್ತಾರೆ ಎಂಬ ಬಗ್ಗೆ ನಮ್ಮಲ್ಲಿ ಬೇರೂರಿರುವ ಕೆಲವು ನಂಬಿಕೆಗಳೇ ಇದಕ್ಕೆ ಬಹುಮಟ್ಟಿಗೆ ಕಾರಣ.

ತಪ್ಪು ಕಲ್ಪನೆ: ಕರುಳು ಹಿಂಡುವ ಫೋಟೊ ಇದ್ದರೆ ಜನ ಕೊಟ್ಟೇ ಕೊಡುತ್ತಾರೆ.

ಮೊದಲು ಕಾನೂನಿನ ಮಾತು. ಬಾಲನ್ಯಾಯ ಕಾಯ್ದೆ, 2015ರ 74ನೇ ಸೆಕ್ಷನ್ ಪ್ರಕಾರ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಗುರುತು ಸಿಗುವಂತೆ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಒಳ್ಳೆಯ ಉದ್ದೇಶದಿಂದಲೇ ಮಕ್ಕಳ ಮುಖಗಳನ್ನು ಮುಖಪುಟದಲ್ಲಿ ಸಾಲಾಗಿ ಜೋಡಿಸಿರುವ ಆಶ್ರಮಗಳಿಗೆ ಇದು ಗೊತ್ತೇ ಇರುವುದಿಲ್ಲ. ಕಾನೂನನ್ನು ಬಿಟ್ಟು ಯೋಚಿಸಿದರೂ, ಆ ಮಗು ನಾಳೆ ಕಾಲೇಜಿಗೆ ಹೋಗುತ್ತದೆ, ಕೆಲಸಕ್ಕೆ ಅರ್ಜಿ ಹಾಕುತ್ತದೆ. ಆಗಲೂ ಆ ಫೋಟೊ ಅಂತರ್ಜಾಲದಲ್ಲಿ ಉಳಿದಿರುತ್ತದೆ. ಅದಕ್ಕೆ ಮಗುವಿನ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ.

ಹಾಗಾದರೆ ಅಂಕಿಅಂಶ ಕೊಟ್ಟರೆ ಸಾಕೇ? ಅದೂ ಸಾಲದು. ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್, ಪಾಲ್ ಸ್ಲೊವಿಕ್ ಎಂಬ ಸಂಶೋಧಕರು ಅಮೆರಿಕದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯಬೇಕಾದದ್ದು. ಕೆಲವರಿಗೆ ಆಫ್ರಿಕಾದ ಬರಗಾಲದ ಅಂಕಿಅಂಶವಿದ್ದ ಪತ್ರ ಕೊಟ್ಟರು. ಅವರು ಸರಾಸರಿ 1.14 ಡಾಲರ್ ದಾನ ಮಾಡಿದರು. ಮಾಲಿ ದೇಶದ ರೊಕಿಯಾ ಎಂಬ ಏಳು ವರ್ಷದ ಹುಡುಗಿಯೊಬ್ಬಳ ಕಥೆ ಓದಿದವರು 2.38 ಡಾಲರ್ ಕೊಟ್ಟರು. ಎರಡನ್ನೂ ಸೇರಿಸಿ ಕೊಟ್ಟಾಗ ದೇಣಿಗೆ 1.43 ಡಾಲರ್‌ಗೆ ಇಳಿಯಿತು. ಲಕ್ಷಾಂತರ ಜನರ ಕಷ್ಟ ಕಣ್ಣಮುಂದೆ ಬಂದ ಕೂಡಲೇ ‘ನನ್ನೊಬ್ಬನಿಂದ ಏನಾದೀತು’ ಎಂದು ಮನಸ್ಸು ಹಿಂದೆ ಸರಿಯುತ್ತದೆಯೆಂದು ನನಗನಿಸುತ್ತದೆ. ಹಾಗಾಗಿ ಮುಖಪುಟಕ್ಕೆ ಒಬ್ಬರ ಕಥೆ ಸಾಕು. ಅಂಕಿಅಂಶವೆಲ್ಲ ವಾರ್ಷಿಕ ವರದಿಗೆ ಹೋಗಲಿ. ಮಗುವಿನ ಕಥೆಯಾದರೆ ಹೆಸರು, ಊರು ಬದಲಿಸಿ. ಮುಖದ ಬದಲು ಅದು ಬರೆದ ನೋಟ್‌ಬುಕ್ಕಿನ ಪುಟವನ್ನೋ, ಬಿಡಿಸಿದ ಚಿತ್ರವನ್ನೋ ಹಾಕಿ. ವಯಸ್ಕರಾದರೆ ಅವರಿಗೆ ಓದಿ ಹೇಳಿ, ಒಪ್ಪಿಗೆಯನ್ನು ಬರೆಸಿಕೊಂಡೇ ಪ್ರಕಟಿಸಿ.

ಕಥೆಯ ಪಕ್ಕದಲ್ಲೇ ಹಣದ ಲೆಕ್ಕವೂ ಇರಬೇಕು. ‘ಗ್ರಾಮೀಣ ಸಬಲೀಕರಣದತ್ತ ದಿಟ್ಟ ಹೆಜ್ಜೆ’ ಎಂಬ ಬ್ಯಾನರ್ ಓದಿದವರಿಗೆ ಎಷ್ಟು ಕೊಡಬೇಕು, ಕೊಟ್ಟರೆ ಏನಾಗುತ್ತದೆ ಎಂಬುದು ತಿಳಿಯುವುದಿಲ್ಲ. ‘ಒಂದು ಮಗುವಿಗೆ ಒಂದು ವರ್ಷದ ನೋಟ್‌ಬುಕ್ಕು, ಬ್ಯಾಗು, ಶೂ’ ಎಂದು ಬರೆದು ಎದುರಿಗೆ ನಿಮ್ಮ ಊರಿನ ಅಂಗಡಿಯ ನಿಜವಾದ ದರ ಹಾಕಿದರೆ ಓದುಗರು ಅಲ್ಲಿಯೇ ತೀರ್ಮಾನಿಸಬಲ್ಲರು.

ತಪ್ಪು ಕಲ್ಪನೆ: ‘ಪ್ರತಿ ಪೈಸೆಯೂ ಫಲಾನುಭವಿಗೇ’ ಎಂದು ಬರೆದರೆ ನಂಬಿಕೆ ಹುಟ್ಟುತ್ತದೆ.

ಶಿಕ್ಷಕಿಯ ಸಂಬಳ, ಬಾಡಿಗೆ, ಆಡಿಟರ್ ಶುಲ್ಕ ಯಾರೋ ಕಟ್ಟಲೇಬೇಕು. ವಿದೇಶಿ ದೇಣಿಗೆಯ ಕಾನೂನು (ಎಫ್‌ಸಿಆರ್‌ಎ) ಕೂಡ ಆಡಳಿತ ವೆಚ್ಚಕ್ಕೆ ಶೇ 20ರವರೆಗೆ ಅವಕಾಶ ಕೊಟ್ಟಿದೆ. ಇರುವ ಖರ್ಚನ್ನು ಇಲ್ಲವೆಂದು ಬರೆದರೆ ನಾಳೆ ಲೆಕ್ಕಪತ್ರವೇ ನಿಮ್ಮನ್ನು ಸುಳ್ಳುಗಾರರನ್ನಾಗಿಸುತ್ತದೆ. ಆದರೆ ತಮ್ಮ ದುಡ್ಡು ಆಡಳಿತಕ್ಕೆ ಹೋಗದಿರಲಿ ಎಂದು ದಾನಿಗಳು ಬಯಸುವುದೂ ನಿಜ. ಉರಿ ಗ್ನೀಜಿ ಮತ್ತು ಸಂಗಡಿಗರು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ತೋರಿಸಿದರು: ಆಡಳಿತ ವೆಚ್ಚವನ್ನು ದೊಡ್ಡ ದಾನಿಯೊಬ್ಬರು ಭರಿಸಿದ್ದಾರೆ ಎಂದು ತಿಳಿಸಿದಾಗ ಉಳಿದವರ ದೇಣಿಗೆ ಹೆಚ್ಚಿತು. ಅಂಥವರೊಬ್ಬರು ಸಿಕ್ಕರೆ ಅದನ್ನು ಮೊದಲ ಪುಟದಲ್ಲೇ ಹೇಳಿ. ಸಿಗದಿದ್ದರೆ ನೂರು ರೂಪಾಯಿಯಲ್ಲಿ ಎಷ್ಟೆಷ್ಟು ಎಲ್ಲೆಲ್ಲಿಗೆ ಹೋಯಿತು ಎಂದು ಹಾಗೆಯೇ ಬರೆಯಿರಿ. ಆಡಿಟ್ ಆದ ಲೆಕ್ಕ ಒಂದೇ ಕ್ಲಿಕ್‌ನಲ್ಲಿ ಸಿಗಲಿ.

ತಪ್ಪು ಕಲ್ಪನೆ: 80ಜಿ ಇದೆಯೆಂದರೆ ಸಾಕು.

ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ ದೇಣಿಗೆಯ ಮೇಲಿನ ಈ ಆದಾಯ ತೆರಿಗೆ ವಿನಾಯಿತಿ ಸಿಗುವುದೇ ಇಲ್ಲ. ಹಳೆಯ ಪದ್ಧತಿಯಲ್ಲಿ ಸಿಗುತ್ತದೆ, ಆದರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆಗಲೂ ಇಲ್ಲ. 80ಜಿ ಮಾತು ಪುಟದ ಕೊನೆಯಲ್ಲಿ ಒಂದು ಸಾಲಿಗೆ ನಿಲ್ಲಲಿ.

ತಪ್ಪು ಕಲ್ಪನೆ: ಕ್ಯೂಆರ್ ಕೋಡ್ ಹಾಕಿದರೆ ವಿದೇಶದಲ್ಲಿರುವ ನಮ್ಮವರೂ ಕಳಿಸುತ್ತಾರೆ.

ಇಲ್ಲಿ ಎಡವಿದರೆ ನೋಂದಣಿಗೇ ಕುತ್ತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಡಲ್ಲಾಸ್‌ನಲ್ಲಿ ದುಡಿಯುವ ಕನ್ನಡಿಗರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಅವರೇ ಅಮೆರಿಕದ ಪೌರತ್ವ ಪಡೆದ ಮೇಲೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. ಹಣ ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದ್ದರಿಂದ ಹಣ ಸ್ವೀಕರಿಸುವ ಮೊದಲೇ ಪೌರತ್ವ ಯಾವುದೆಂದು ಕೇಳಿಬಿಡಿ.

ತಪ್ಪು ಕಲ್ಪನೆ: ದುಬಾರಿ ವಿನ್ಯಾಸ ಬೇಕು.

ಬೇಡ. ಸಾಮಾನ್ಯ ಮೊಬೈಲ್‌ನಲ್ಲಿ ಪುಟ ಬೇಗ ತೆರೆದುಕೊಳ್ಳಬೇಕು, ‘ದೇಣಿಗೆ ನೀಡಿ’ ಗುಂಡಿ ಹುಡುಕದೆ ಸಿಗಬೇಕು. ರಸೀದಿಗೆ ಹೆಸರು, ವಿಳಾಸ, ಪ್ಯಾನ್ ಕೇಳಿ. ಪಾಸ್‌ವರ್ಡ್, ಉದ್ಯೋಗ, ಹುಟ್ಟಿದ ದಿನಾಂಕ ಕೇಳಬೇಡಿ. ಕನ್ನಡದ ಬರಹ ಯೂನಿಕೋಡ್‌ನಲ್ಲಿರಲಿ. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಚಿತ್ರವಾಗಿ ಅಂಟಿಸಿದ ಪುಟ ಗೂಗಲ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ, ದೃಷ್ಟಿದೋಷವಿರುವವರ ಮೊಬೈಲ್ ಅದನ್ನು ಓದಿ ಹೇಳುವುದೂ ಕಷ್ಟ.

ಕೊನೆಯದಾಗಿ, ರಸೀದಿ ಕಳಿಸಿದರೆ ಕೆಲಸ ಮುಗಿಯಿತೆಂಬ ನಂಬಿಕೆ. ಒಮ್ಮೆ ಕೊಟ್ಟವರು ಮತ್ತೆ ಕೊಡದಿರುವುದಕ್ಕೆ ಹಣ ಏನಾಯಿತೆಂದು ಅವರಿಗೆ ಯಾರೂ ತಿಳಿಸದಿರುವುದೇ ಎಷ್ಟೋ ಸಲ ಕಾರಣ. ಮಾರ್ಚ್‌ನಲ್ಲಿ ನೋಟ್‌ಬುಕ್ಕಿಗೆಂದು ಹಣ ಕೊಟ್ಟವರಿಗೆ, ಶಾಲೆ ತೆರೆದು ಪುಸ್ತಕ ಹಂಚಿದ ವಾರವೇ ನಾಲ್ಕು ಸಾಲಿನ ಪತ್ರ ಹೋಗಲಿ. ಜೊತೆಗೆ ಅಂಗಡಿಯ ಬಿಲ್ಲಿನ ಫೋಟೊ ಇರಲಿ. ಮತ್ತೆ ದೇಣಿಗೆ ಕೇಳುವ ಮಾತು ಆ ಪತ್ರದಲ್ಲಿ ಬೇಡ.