ಹಿಂದುಳಿಯುವ ಪ್ರತಿ

ಮುಖ್ಯವಾದ ಲೆಕ್ಕಪತ್ರಗಳ ಪ್ರತಿಯೊಂದು ಬೇರೊಂದು ಊರಿನಲ್ಲಿ ಇರಬೇಕೆಂಬುದು ಹಳೆಯ ವಿವೇಕ. ಬೆಂಕಿಯೋ ನೆರೆಯೋ ಎರಡು ಊರುಗಳನ್ನು ಒಮ್ಮೆಗೇ ನುಂಗುವುದು ಅಪರೂಪ. ಇಂದು ಲೆಕ್ಕಪತ್ರಗಳು ಕಂಪ್ಯೂಟರುಗಳ ಡೇಟಾಬೇಸುಗಳನ್ನು ಸೇರಿವೆ. ಮೂಲದಲ್ಲಿ ಬರೆದುದು ಒಡನೆಯೇ ದೂರದ ಪ್ರತಿಯಲ್ಲಿಯೂ ಮೂಡುವುದೆಂದು ನಾವು ಭಾವಿಸುತ್ತೇವೆ. ಈ ‘ಒಡನೆಯೇ’ ಎಂಬ ಮಾತಿಗೆ ಭೌತವಿಜ್ಞಾನದ ಸಮ್ಮತಿಯಿಲ್ಲ.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುತ್ತದೆ. ಅಮೆರಿಕದ ಪೂರ್ವ ಕರಾವಳಿಗೂ ಪಶ್ಚಿಮ ಕರಾವಳಿಗೂ ನಡುವೆ ಸುಮಾರು 4,000 ಕಿಲೋಮೀಟರು. ಬರಹ ಅಲ್ಲಿಗೆ ಹೋಗಿ ‘ತಲುಪಿತು’ ಎಂಬ ಉತ್ತರ ಮರಳಲು ಕಡಮೆಯೆಂದರೂ 40 ಮಿಲಿಸೆಕೆಂಡು ಬೇಕು. ಒಂದು ಬರಹಕ್ಕೆ ಇದು ಅಲ್ಪವೇ ಸರಿ. ಆದರೆ ಹತ್ತಾರು ಬರಹಗಳು ಒಂದರ ಹಿಂದೊಂದು ಹೀಗೆ ಕಾದು ನಿಂತರೆ ಕೆಲಸ ಕುಂಟತೊಡಗುವುದು. ಆದುದರಿಂದ ಅನೇಕರು ಕಾಯದಿರುವ ಕ್ರಮವನ್ನೇ ಹಿಡಿಯುತ್ತಾರೆ. ಮೂಲವು ತನ್ನಲ್ಲಿ ಬರೆದುಕೊಂಡು ‘ಆಯಿತು’ ಎಂದುಬಿಡುತ್ತದೆ. ಬದಲಾವಣೆಗಳ ದಿನಚರಿಯನ್ನು ಪ್ರತಿಗೆ ಕಳುಹಿಸುತ್ತದೆ. ಮಗ್ಗಿ ಹೇಳಿಕೊಡುವ ಉಪಾಧ್ಯಾಯರನ್ನು ಮಕ್ಕಳು ಅನುಸರಿಸುವಂತೆ ಪ್ರತಿಯು ತುಸು ಹಿಂದೆಯೇ ಉಳಿದಿರುತ್ತದೆ.

ಈ ಅಂತರ ಎಂತಹ ತೊಡಕನ್ನು ತರಬಲ್ಲದೆಂಬುದು 2018ರ ಅಕ್ಟೋಬರ್ 21ರಂದು ಕಂಡುಬಂದಿತು. ಪ್ರೋಗ್ರಾಮು ಬರೆಯುವವರು ತಮ್ಮ ಕೆಲಸವನ್ನು ಒಪ್ಪಿಸಿಡುವ ಗಿಟ್‌ಹಬ್ ಸಂಸ್ಥೆಯ ಮೂಲ ಡೇಟಾಬೇಸುಗಳು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದವು, ಪ್ರತಿಗಳು ಪಶ್ಚಿಮದಲ್ಲಿ. ಕೆಡುತ್ತಿದ್ದ ಆಪ್ಟಿಕಲ್ ಉಪಕರಣವನ್ನು ಬದಲಾಯಿಸುವಾಗ ಪೂರ್ವದ ಕೇಂದ್ರದ ಸಂಪರ್ಕ ಕೇವಲ 43 ಸೆಕೆಂಡು ಕಡಿಯಿತು. ಮೂಲವು ಸತ್ತಿತೆಂದು ಬಗೆದ ಮೇಲ್ವಿಚಾರಕ ಪ್ರೋಗ್ರಾಮು ಪಶ್ಚಿಮದ ಪ್ರತಿಗೆ ಪಟ್ಟ ಕಟ್ಟಿತು. ಮೂಲವೇನೋ ಸತ್ತಿರಲಿಲ್ಲ. ಅದು ಬರೆದುಕೊಂಡಿದ್ದ ಕೊನೆಯ ಕೆಲವು ಸೆಕೆಂಡುಗಳ ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮವೋ ಆಗಲೇ ಹೊಸ ಬರಹಗಳನ್ನು ಸ್ವೀಕರಿಸತೊಡಗಿತ್ತು. ಸಂಪರ್ಕ ಮರಳಿದಾಗ ಇದರಲ್ಲಿರುವುದು ಅದರಲ್ಲಿಲ್ಲ, ಅದರಲ್ಲಿರುವುದು ಇದರಲ್ಲಿಲ್ಲ.

ಪೂರ್ವಕ್ಕೇ ಅಧಿಕಾರವನ್ನು ಮರಳಿಸೋಣವೆಂದರೆ ಪಶ್ಚಿಮದಲ್ಲಿ ಸುಮಾರು 40 ನಿಮಿಷಗಳ ಬರಹ ಕೂಡಿಬಿಟ್ಟಿತ್ತು. ಪಶ್ಚಿಮದಲ್ಲಿಯೇ ಇರಲೆಂದರೆ, ಪೂರ್ವದಲ್ಲಿದ್ದ ಪ್ರೋಗ್ರಾಮುಗಳು ಬರಹ ಬರಹಕ್ಕೂ ದೇಶದ ಆ ತುದಿಗೆ ಹೋಗಿಬರಲಾರದೆ ಏದುಸಿರು ಬಿಟ್ಟವು. ನಾವು ಮೇಲೆ ಲೆಕ್ಕ ಹಾಕಿದ ಮಿಲಿಸೆಕೆಂಡುಗಳ ಮಹಿಮೆಯಿದು! ಸೇವೆ ಕುಂಟಿದರೂ ಸರಿ, ಬರಹ ಉಳಿಯಲೆಂದು ಸಂಸ್ಥೆಯವರು ನಿಶ್ಚಯಿಸಿದರು; ಅದು ಯುಕ್ತವಾದ ನಿಶ್ಚಯವೆಂದೇ ನಮ್ಮ ಎಣಿಕೆ. 4 ಗಂಟೆಗೊಮ್ಮೆ ತೆಗೆದಿರಿಸುತ್ತಿದ್ದ ಬ್ಯಾಕಪ್‌ನಿಂದ ಪೂರ್ವದ ಡೇಟಾಬೇಸುಗಳನ್ನು ಮರಳಿ ಕಟ್ಟಿ, ಅವು ಪಶ್ಚಿಮದ ಬರಹವನ್ನು ಓದಿ ಸರಿಸಮವಾಗುವವರೆಗೆ ಕಾದು, ಸೇವೆಯನ್ನು ಮೊದಲಿನ ಸ್ಥಿತಿಗೆ ತರುವಷ್ಟರಲ್ಲಿ 24 ಗಂಟೆ 11 ನಿಮಿಷ ಕಳೆದಿತ್ತು.

ಪೂರ್ವದಲ್ಲಿಯೇ ಉಳಿದುಹೋಗಿದ್ದ ಬರಹಗಳ ದಾಖಲೆಯನ್ನು ಬೇರೆಯಾಗಿ ಕಾದಿರಿಸಿದ್ದರು. ಬಿಡುವಿಲ್ಲದೆ ದುಡಿಯುವ ಡೇಟಾಬೇಸ್ ಸಮೂಹವೊಂದರಲ್ಲಿ ಅವು 954. ಕೆಲವನ್ನು ಬಳಕೆದಾರರೇ ಆಗಲೇ ಮತ್ತೊಮ್ಮೆ ಬರೆದಿದ್ದರು. ಉಳಿದವುಗಳಲ್ಲಿ ಯಾವುದನ್ನು ಯಂತ್ರವೇ ಹೊಂದಿಸಬಲ್ಲದು, ಯಾವುದಕ್ಕೆ ಬರೆದವರನ್ನೇ ಕೇಳಬೇಕು ಎಂದು ಅವರು ವಿಂಗಡಿಸಲು ಕುಳಿತರು.