ಅವನಲ್ಲದಿದ್ದರೆ ಮತ್ಯಾರು? ಬೋಡೊಮ್ ಸರೋವರದ ಕೊಲೆಗಳು ಮತ್ತು ಒಂದು ಜತೆ ಶೂ

ಗುಡಾರ ಹಾಕಿದವರು ನಾಲ್ವರು, ಜೀವ ಉಳಿದದ್ದು ಒಬ್ಬನಿಗೆ. ಇಷ್ಟು ಕೇಳಿದರೆ ಸಾಕು, ಯಾರ ಬಾಯಲ್ಲಾದರೂ ಬರುವ ಮಾತು: ಅವನಲ್ಲದಿದ್ದರೆ ಮತ್ಯಾರು? ಪೊಲೀಸರಿಗೆ ಇದು ಒಳ್ಳೆಯ ಪ್ರಶ್ನೆಯೇ. ತನಿಖೆ ಎಲ್ಲಿಂದಲಾದರೂ ಶುರುವಾಗಬೇಕಲ್ಲ, ಕೊನೆಯವರೆಗೂ ಜತೆಗಿದ್ದವನಿಂದ ಶುರುವಾದರೆ ತಪ್ಪೇನಿಲ್ಲ. ನ್ಯಾಯಾಲಯದ ಬಾಗಿಲು ದಾಟಿದ ಮೇಲೆ ಮಾತ್ರ ಈ ಪ್ರಶ್ನೆಗೆ ಬೆಲೆಯಿಲ್ಲ. ಯಾಕಿಲ್ಲ ಎಂಬುದನ್ನು ಫಿನ್ಲೆಂಡಿನ ಬೋಡೊಮ್ ಸರೋವರದ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗಂತೂ ಕಂಡಿಲ್ಲ.

ಎಸ್ಪೋ ರಾಜಧಾನಿ ಹೆಲ್ಸಿಂಕಿಗೆ ಅಂಟಿಕೊಂಡಿರುವ ಊರು. ಸರೋವರ ಇರುವುದು ಅದರ ಸರಹದ್ದಿನಲ್ಲಿ. 1960ರ ಜೂನ್ 4ರ ಶನಿವಾರ ಹದಿನೈದು ವರ್ಷದ ಇಬ್ಬರು ಹುಡುಗಿಯರು, ಹದಿನೆಂಟರ ಇಬ್ಬರು ಹುಡುಗರು ಬೈಕಿನಲ್ಲಿ ಬಂದು ದಡದಲ್ಲಿ ಒಂದು ಗುಡಾರ ಹಾಕಿದರು. ಮರುದಿನ ಬೆಳಗಿನ ಜಾವ ನಾಲ್ಕರಿಂದ ಆರರ ನಡುವೆ ಯಾರೋ ಗುಡಾರದ ಬಟ್ಟೆಯ ಮೇಲಿಂದಲೇ ಚಾಕುವಿನಿಂದ ಇರಿದು, ಭಾರವಾದ ಯಾವುದೋ ವಸ್ತುವಿನಿಂದ ಜಜ್ಜಿ ಮೂವರನ್ನು ಕೊಂದರು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಬಲು ಗಿಡ್ಡ. ಆ ಹೊತ್ತಿಗೆ ಚೆನ್ನಾಗಿಯೇ ಬೆಳಕಾಗಿರುತ್ತದೆ. ಆರರ ಸುಮಾರಿಗೆ ದೂರದಲ್ಲಿ ಹಕ್ಕಿ ನೋಡುತ್ತಿದ್ದ ಹುಡುಗರಿಗೆ ಕುಸಿದ ಗುಡಾರ ಕಂಡಿತ್ತು, ಅಲ್ಲಿಂದ ನಡೆದುಹೋಗುತ್ತಿದ್ದ ಹೊಂಗೂದಲಿನ ಗಂಡಸೂ ಕಂಡಿದ್ದ. ಹನ್ನೊಂದರ ಹೊತ್ತಿಗೆ ಬಡಗಿಯೊಬ್ಬ ಹೆಣಗಳನ್ನು ನೋಡಿದ. ಹುಡುಗರಲ್ಲಿ ಒಬ್ಬನಿಗೆ ಇನ್ನೂ ಉಸಿರಿತ್ತು. ದವಡೆ ಮುರಿದಿತ್ತು, ಮುಖದ ಮೂಳೆಗಳು ಮುರಿದಿದ್ದವು, ತಲೆಗೆ ಪೆಟ್ಟು ಬಿದ್ದಿತ್ತು, ಇರಿತದ ಗಾಯವೂ ಇತ್ತು. ಆಮೇಲೆ ಅವನನ್ನು ಎಷ್ಟು ಕೇಳಿದರೂ ತನಿಖೆಗೆ ಉಪಯೋಗವಾಗುವಂಥ ನೆನಪು ಸಿಗಲಿಲ್ಲ. (ಇವರೆಲ್ಲರ ಹೆಸರು ಫಿನ್ಲೆಂಡಿನ ಮನೆಮನೆಗೂ ಗೊತ್ತು. ಪ್ರಕರಣ ಹೇಗೆ ನಡೆಯಿತೆಂದು ತಿಳಿಯಲು ನಮಗೆ ಹೆಸರುಗಳ ಅಗತ್ಯವಿಲ್ಲ.)

ಆ ದಿನ ಸಾಕ್ಷ್ಯಕ್ಕೆ ಆದ ದೊಡ್ಡ ಹಾನಿ ಪೊಲೀಸರ ಕೈಯಿಂದಲೇ ಆಯಿತು. ಜಾಗದ ಸುತ್ತ ಹಗ್ಗ ಕಟ್ಟಲಿಲ್ಲ. ಯಾವ ವಸ್ತು ಎಲ್ಲಿ, ಹೇಗೆ ಬಿದ್ದಿತ್ತೆಂದು ಸರಿಯಾಗಿ ಬರೆದಿಡಲಿಲ್ಲ. ಪೊಲೀಸರೂ ಜನರೂ ಓಡಾಡಿ ನೆಲ ತುಳಿದರು. ಕಾಣೆಯಾದ ವಸ್ತುಗಳನ್ನು ಹುಡುಕಲು ಸೈನಿಕರನ್ನು ಕರೆಸಿದ ಮೇಲೆ ಉಳಿದಿದ್ದ ಹೆಜ್ಜೆಗುರುತುಗಳ ಕಥೆಯೂ ಮುಗಿಯಿತು.

ಘಟನಾ ಸ್ಥಳದಲ್ಲಿ ಮೊದಲು ಕೂಡಿಹಾಕಬೇಕಾದದ್ದು ಜನರ ಕಾಲುಗಳನ್ನು. ಒಳಹೋಗಲು, ಹೊರಬರಲು ಒಂದೇ ದಾರಿ. ಆ ದಾರಿಯಲ್ಲಿ ಯಾರು ಎಷ್ಟು ಹೊತ್ತಿಗೆ ಹೋದರೆಂದು ಒಬ್ಬ ಬರೆಯುತ್ತಾ ನಿಲ್ಲಬೇಕು. ಯಾವುದನ್ನೂ ಎತ್ತುವ ಮೊದಲು ಫೋಟೊ, ಅಳತೆ, ನಕ್ಷೆ. ಎತ್ತಿದ ಮೇಲೆ ಒಂದೊಂದಕ್ಕೂ ಬೇರೆ ಚೀಟಿ, ಬೇರೆ ಪೊಟ್ಟಣ. ರಕ್ತವಾದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕುತ್ತಾರೆ. ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ರಕ್ತದಲ್ಲಿರುವ ಡಿಎನ್‌ಎ ಹಾಳಾಗುತ್ತದೆ. ಇದೆಲ್ಲ ಅಪರಾಧಿಯನ್ನು ಹಿಡಿಯಲಿಕ್ಕೆ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಅಪರಿಚಿತನೊಬ್ಬ ಅಲ್ಲಿಗೆ ಬಂದಿದ್ದನೇ ಇಲ್ಲವೇ ಎಂದು ಹೇಳಬಲ್ಲದ್ದೂ ಇದೇ ದಾಖಲೆ. ಬೋಡೊಮ್‌ನಲ್ಲಿ ಅದು ಇರಲಿಲ್ಲ. ಹಾಗಾಗಿ 45 ವರ್ಷದ ಮೇಲೆ ಯಾರೂ ಎದೆ ತಟ್ಟಿ "ಹೊರಗಿನವರು ಬಂದೇ ಇಲ್ಲ" ಎನ್ನುವಂತಿರಲಿಲ್ಲ.

ಕಾಣೆಯಾದ ವಸ್ತುಗಳಲ್ಲೂ ಒಂದು ಒಗಟಿತ್ತು. ಬೈಕುಗಳು ನಿಲ್ಲಿಸಿದಲ್ಲೇ ಇದ್ದವು, ಅವುಗಳ ಕೀಲಿ ಇರಲಿಲ್ಲ. ಕೆಲವು ಬಟ್ಟೆಗಳು ಹೋಗಿದ್ದವು. ಗುಡಾರದಿಂದ ಸುಮಾರು 500 ಮೀಟರ್ ದೂರದಲ್ಲಿ ಒಂದಷ್ಟು ವಸ್ತುಗಳು ಅರ್ಧಂಬರ್ಧ ಮರೆಮಾಡಿದ ಸ್ಥಿತಿಯಲ್ಲಿ ಸಿಕ್ಕವು. ಅವುಗಳಲ್ಲಿ ಬದುಕುಳಿದ ಹುಡುಗನ ಶೂಗಳೂ ಇದ್ದವು. ಕೊಲೆಗೆ ಬಳಸಿದ ಆಯುಧಗಳು ಮಾತ್ರ ಸಿಗಲೇ ಇಲ್ಲ.

ಮುಂದಿನ ದಶಕಗಳಲ್ಲಿ ಅನುಮಾನ ಹಲವರ ಮೇಲೆ ಹರಿದಾಡಿತು. ಗುಡಾರ ಹಾಕುವವರನ್ನು ಕಂಡರಾಗದ, ಅಲ್ಲೇ ಹತ್ತಿರದಲ್ಲಿ ಪೆಟ್ಟಿಗೆ ಅಂಗಡಿ ಇಟ್ಟಿದ್ದ ಒಬ್ಬ 1969ರಲ್ಲಿ ಅದೇ ಸರೋವರದಲ್ಲಿ ಮುಳುಗಿ ಸತ್ತ; ಊರವರ ಬಾಯಲ್ಲಿ ಅವನೇ ಕೊಲೆಗಾರ. ಸರೋವರದ ಹತ್ತಿರವೇ ವಾಸವಿದ್ದ ಇನ್ನೊಬ್ಬ, ಕೊಲೆಯಾದ ಮರುದಿನ ಹೆಲ್ಸಿಂಕಿಯ ಆಸ್ಪತ್ರೆಯೊಂದಕ್ಕೆ ವಿಚಿತ್ರ ಸ್ಥಿತಿಯಲ್ಲಿ ಬಂದಿದ್ದನೆಂದು ಅಲ್ಲಿದ್ದ ವೈದ್ಯರೊಬ್ಬರು ಪುಸ್ತಕಗಳನ್ನೇ ಬರೆದರು. ಯಾರ ಮೇಲೂ ಮೊಕದ್ದಮೆ ನಿಲ್ಲಲಿಲ್ಲ. ಇದ್ದಕ್ಕಿದ್ದಂತೆ 2004ರ ಮಾರ್ಚ್‌ನಲ್ಲಿ, ಅರವತ್ತು ದಾಟಿದ್ದ ಆ ಬದುಕುಳಿದ ಗೆಳೆಯನನ್ನೇ ಪೊಲೀಸರು ಬಂಧಿಸಿದರು. ಕಾರಣ, ಆ ಶೂಗಳು.

ಶೂ ಏನು ಹೇಳಿತು, ಏನು ಹೇಳಲಿಲ್ಲ ಎಂಬುದರಲ್ಲೇ ಪ್ರಕರಣದ ಜೀವಾಳವಿದೆ. 1960ರಲ್ಲಿ ರಕ್ತದ ಕಲೆ ನೋಡಿ ಅದು ಮನುಷ್ಯರದ್ದೇ, ಯಾವ ಗುಂಪಿನದ್ದು ಎಂದಷ್ಟೇ ಹೇಳಬಹುದಿತ್ತು. ಡಿಎನ್‌ಎ ಬೆರಳಚ್ಚು ಬಂದದ್ದು 1984ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನ ವಿಜ್ಞಾನಿ ಅಲೆಕ್ ಜೆಫ್ರೀಸ್ ಅವರಿಂದ. (ಕೊಲೆ ತನಿಖೆಯೊಂದರಲ್ಲಿ ಅದನ್ನು ಮೊದಲು ಬಳಸಿದಾಗ ಅದು ಮೊಟ್ಟಮೊದಲು ಮಾಡಿದ ಕೆಲಸ, ತಪ್ಪೊಪ್ಪಿಕೊಂಡಿದ್ದ ಒಬ್ಬ ಹುಡುಗನನ್ನು ನಿರ್ದೋಷಿ ಎಂದು ತೋರಿಸಿದ್ದು. ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.) ಡಿಎನ್‌ಎ ಇರುವುದು ರಕ್ತದ ಬಿಳಿ ಕಣಗಳಲ್ಲಿ, ಕೆಂಪು ಕಣಗಳಿಗೆ ನ್ಯೂಕ್ಲಿಯಸ್ ಇರುವುದಿಲ್ಲ. ಕಲೆ ಒಣಗಿದ್ದು, ತೇವ ಮತ್ತು ಬಿಸಿಲಿನಿಂದ ದೂರವಿದ್ದರೆ ದಶಕಗಳ ಮೇಲೂ ಅದನ್ನು ಓದಬಹುದು. ಅತಿ ಸಣ್ಣ ಮಾದರಿಯ ಲಕ್ಷಾಂತರ ಪ್ರತಿ ತೆಗೆದು, ಮನುಷ್ಯರಿಂದ ಮನುಷ್ಯರಿಗೆ ಬದಲಾಗುವ ಕೆಲವು ಜಾಗಗಳನ್ನು ಹೋಲಿಸಿ, ಈ ಕಲೆ ಇಂಥವರದ್ದು ಎನ್ನುತ್ತಾರೆ.

ಹಾಗೆ ನೋಡಿದಾಗ ಶೂಗಳ ಮೇಲೆ ಸತ್ತ ಮೂವರ ರಕ್ತ ಇತ್ತು. ಶೂಗಳ ಒಡೆಯನ ರಕ್ತ ಇರಲಿಲ್ಲ.

ಪ್ರಾಸಿಕ್ಯೂಷನ್ ಇದರಿಂದ ಒಂದು ಕಥೆ ಕಟ್ಟಿತು. ಕುಡಿದಿದ್ದ ಈತನಿಗೂ ಇನ್ನೊಬ್ಬ ಹುಡುಗನಿಗೂ ಹೊಡೆದಾಟವಾಯಿತು, ದವಡೆ ಮುರಿದದ್ದು ಆಗ. ಸಿಟ್ಟಿನಿಂದ ಶೂ ಹಾಕಿಕೊಂಡು ಗುಡಾರದ ಮೇಲೆ ಬಿದ್ದ, ಮೂವರನ್ನೂ ಕೊಂದ. ಅದಕ್ಕೇ ಅವರ ರಕ್ತ ಶೂ ಮೇಲಿದೆ. ಕೊಂದ ಮೇಲೆ ಶೂ ಮುಚ್ಚಿಟ್ಟು ಬಂದು ಮಲಗಿದ. ಸತ್ತವರಲ್ಲಿ ಅತಿ ಹೆಚ್ಚು ಗಾಯಗಳಿದ್ದದ್ದು ಅವನ ಗೆಳತಿಯ ಮೇಲೆ ಎಂಬುದನ್ನೂ ಇದಕ್ಕೆ ಜೋಡಿಸಿದರು.

ಕಥೆ ಕೂಡುತ್ತದೆ. ತೊಂದರೆ ಏನೆಂದರೆ ಅದೇ ಶೂ ಇನ್ನೊಂದು ಕಥೆಗೂ ಅಷ್ಟೇ ಚೆನ್ನಾಗಿ ಕೂಡುತ್ತದೆ. ಗುಡಾರದಲ್ಲಿ ಮಲಗುವವರು ಶೂ ಕಳಚಿ ಮಲಗುತ್ತಾರೆ. ಕೊಂದವನು ಬೇರೆಯವನಾದರೆ, ಅವನೇ ಆ ಶೂ ಮೆಟ್ಟಿರಬಹುದು. ಇಲ್ಲವೇ ರಕ್ತದ ಕೈಯಲ್ಲೇ ಬಟ್ಟೆಗಳ ಜತೆ ಎತ್ತಿಕೊಂಡು ಹೋಗಿ ದೂರದಲ್ಲಿ ಬಿಸಾಡಿರಬಹುದು. ಪೆಟ್ಟು ಬೀಳುವಾಗ ಒಡೆಯನ ಕಾಲಲ್ಲಿ ಶೂ ಇರಲಿಲ್ಲ ಎಂದಾದರೆ ಅವನ ರಕ್ತ ಅದರ ಮೇಲಿಲ್ಲದಿರುವುದರಲ್ಲಿ ಆಶ್ಚರ್ಯವೇನಿದೆ?

ರಕ್ತ ಯಾರದ್ದು ಎಂದು ಡಿಎನ್‌ಎ ಹೇಳುತ್ತದೆ. ಎಷ್ಟು ಹೊತ್ತಿಗೆ ಬಿತ್ತು, ಆಗ ಶೂ ಒಳಗೆ ಯಾರ ಕಾಲಿತ್ತು ಎಂದು ಹೇಳುವುದಿಲ್ಲ. ಅದಕ್ಕೆ ಕಲೆಯ ಆಕಾರ ಬೇಕು: ಚಿಮ್ಮಿ ಬಿದ್ದ ಹನಿ ಒಂದು ರೀತಿ, ಒರೆಸಿಕೊಂಡ ಕಲೆ ಇನ್ನೊಂದು ರೀತಿ. ಶೂ ಬಿದ್ದಿದ್ದ ಜಾಗ, ಅಲ್ಲಿಗೆ ಹೋದ ಹೆಜ್ಜೆಗುರುತು, ನೆಲದ ಮೇಲಿನ ಹನಿಗಳ ಸಾಲು ಬೇಕು. ಅವೆಲ್ಲ ಜೂನ್ 5ರಂದೇ ಬೂಟುಗಾಲುಗಳಡಿ ಹೋಗಿದ್ದವು. ಇನ್ನು ಶೂ ಒಳಗಿನ ಬೆವರಿನಿಂದ ಹಾಕಿಕೊಂಡವನನ್ನು ಪತ್ತೆ ಮಾಡೋಣವೆಂದರೆ, ಅದು ಅವನದೇ ಶೂ. ಅವನ ಬೆವರು ಅಲ್ಲಿ ಇದ್ದೇ ಇರುತ್ತದೆ.

ಗಾಯಗಳ ವಿಷಯದಲ್ಲೂ ಇದೇ ಹಗ್ಗಜಗ್ಗಾಟ. ಮುರಿದ ದವಡೆ ಹಿಂದಿನ ಹೊಡೆದಾಟದ್ದು ಎಂದು ಪ್ರಾಸಿಕ್ಯೂಷನ್. ಆ ಸ್ಥಿತಿಯಲ್ಲಿದ್ದವನು ಮೂವರನ್ನು ಕೊಂದು, ಅರ್ಧ ಕಿಲೋಮೀಟರು ಹೋಗಿ, ಮತ್ತೆ ಬಂದು ಬೀಳುವುದು ಸಾಧ್ಯವೇ ಇಲ್ಲ ಎಂದು ಪ್ರತಿವಾದಿ ವಕೀಲರು. ಗಾಯ ಹಸಿಯಾಗಿರುವಾಗ ಕಣ್ಣಾರೆ ನೋಡಿದ ವೈದ್ಯರ ಮಾತಿಗೂ, ಹಳೆಯ ಕಡತ ಓದಿ 45 ವರ್ಷದ ಮೇಲೆ ಅಭಿಪ್ರಾಯ ಕೊಡುವ ತಜ್ಞರ ಮಾತಿಗೂ ಅಜಗಜಾಂತರ. ಪಾಟೀಸವಾಲಿನಲ್ಲಿ ಮೊದಲು ಅಲುಗಾಡುವುದು ಎರಡನೆಯದು.

ಅಷ್ಟು ವರ್ಷದ ಮೇಲೆ ಮೊಕದ್ದಮೆ ಹೂಡಬಹುದೇ ಎಂಬ ಪ್ರಶ್ನೆ ಓದುಗರಿಗೆ ಬರಬಹುದು. ಫಿನ್ಲೆಂಡಿನಲ್ಲಿ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧಕ್ಕೆ ಕಾಲಮಿತಿಯಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ನರಹತ್ಯೆಗೆ ಆಗ 20 ವರ್ಷದ ಮಿತಿಯಿತ್ತು. ಅಂದರೆ ಪ್ರಾಸಿಕ್ಯೂಷನ್ನಿಗೆ ನಡುದಾರಿ ಇರಲಿಲ್ಲ. "ಕುಡಿದ ಅಮಲಿನಲ್ಲಿ ಜಗಳವಾಗಿ ಸತ್ತರು" ಎಂಬ ಸಣ್ಣ ಆರೋಪ ಹೊರಿಸಿ ಕೈತೊಳೆದುಕೊಳ್ಳುವಂತಿರಲಿಲ್ಲ. ಕೊಲೆಯೆಂದೇ ಸಾಬೀತು ಮಾಡಬೇಕಿತ್ತು, ಇಲ್ಲವೇ ಬಿಡಬೇಕಿತ್ತು. ಮೂರು ಕೊಲೆಗಳ ಆರೋಪದ ಮೇಲೆ ಪ್ರಾಸಿಕ್ಯೂಷನ್ ಜೀವಾವಧಿ ಶಿಕ್ಷೆ ಕೇಳಿತು. ನಮ್ಮಲ್ಲೂ ಕೊಲೆಗೆ ಕಾಲಮಿತಿಯಿಲ್ಲ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಆ ಲೆಕ್ಕ.

2005ರ ಆಗಸ್ಟ್‌ನಲ್ಲಿ ಎಸ್ಪೋ ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಣೆ ಶುರುವಾಯಿತು, ಅಕ್ಟೋಬರ್ 7ರಂದು ತೀರ್ಪು ಬಂತು: ಎಲ್ಲ ಆರೋಪಗಳಿಂದ ಖುಲಾಸೆ. ಸಾಕ್ಷ್ಯ ಒಂದು ನಿರ್ಣಯಕ್ಕೆ ಬರುವಷ್ಟು ಗಟ್ಟಿಯಿಲ್ಲ, ಇಷ್ಟು ಘೋರ ಕೃತ್ಯಕ್ಕೆ ತಕ್ಕ ಉದ್ದೇಶ ಕಾಣುವುದಿಲ್ಲ, ಇಷ್ಟು ಕಾಲ ಸಂದ ಮೇಲೆ ಖಚಿತವಾಗಿ ಏನನ್ನೂ ಹೇಳಲಾಗದು ಎಂಬುದು ಅದರ ಸಾರ.

ಇಲ್ಲಿ ಮೊದಲಿನ ಪ್ರಶ್ನೆಗೆ ಬರೋಣ. "ಅವನಲ್ಲದಿದ್ದರೆ ಮತ್ಯಾರು" ಎಂದು ಕೇಳುವವರು ಇದ್ದವರಲ್ಲಿ ಒಬ್ಬೊಬ್ಬರನ್ನೇ ಹೊಡೆದುಹಾಕಿ ಉಳಿದವನ ಕೊರಳಿಗೆ ಕಟ್ಟುತ್ತಾರೆ. ಪಟ್ಟಿಯಲ್ಲಿ ಎಲ್ಲರ ಹೆಸರೂ ಇದೆ ಎಂದು ಗೊತ್ತಿದ್ದರೆ ಮಾತ್ರ ಈ ಲೆಕ್ಕ ಸರಿ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ ಮನೆಯಲ್ಲಿ ಅದು ನಡೆದೀತು. ಯಾರು ಬೇಕಾದರೂ ಬಂದುಹೋಗಬಹುದಾದ ಸರೋವರದ ದಡದಲ್ಲಿ ನಡೆಯುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಸಾಂದರ್ಭಿಕ ಸಾಕ್ಷ್ಯಕ್ಕೆ ಇದೇ ಒರೆಗಲ್ಲು ಇಟ್ಟಿತು: ಸಂದರ್ಭಗಳೆಲ್ಲ ಆರೋಪಿಯ ಅಪರಾಧವನ್ನು ಮಾತ್ರ ತೋರಿಸಬೇಕು, ಬೇರೆ ಯಾವ ಸಾಧ್ಯತೆಗೂ ಎಡೆ ಇರಬಾರದು. ಆರೋಪಿ ಕೊಟ್ಟ ವಿವರಣೆ ದುರ್ಬಲವೆಂಬ ಕಾರಣಕ್ಕೆ ಪ್ರಾಸಿಕ್ಯೂಷನ್ ಸರಪಳಿಯಲ್ಲಿ ಕಳಚಿದ ಕೊಂಡಿ ಕೂಡಿಕೊಳ್ಳುವುದಿಲ್ಲ. ದೇಶ ಬೇರೆ, ಕಾನೂನು ಬೇರೆ. ಆದರೆ ಬೋಡೊಮ್‌ನ ಶೂಗಳನ್ನು ಈ ಒರೆಗಲ್ಲಿಗೆ ಹಚ್ಚಿದರೂ ಅದೇ ಉತ್ತರ ಬರುತ್ತದೆ. ಎರಡು ಕಥೆಗೂ ಹೊಂದುವ ಸಾಕ್ಷ್ಯ ಎರಡರಲ್ಲಿ ಒಂದನ್ನೂ ಸಾಬೀತು ಮಾಡುವುದಿಲ್ಲ.

ಕೊಂದವರು ಯಾರು ಎಂದು ನ್ಯಾಯಾಲಯ ಹೇಳಲಿಲ್ಲವಲ್ಲ ಎಂದು ಬೇಸರಪಡುವವರುಂಟು. ಅದು ನ್ಯಾಯಾಲಯದ ಕೆಲಸವೇ ಅಲ್ಲ. ಮುಂದೆ ತಂದು ನಿಲ್ಲಿಸಿದ ಮನುಷ್ಯನ ಮೇಲಿನ ಆರೋಪ ಸಾಬೀತಾಯಿತೇ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಖುಲಾಸೆಯಾದವರು ತಮ್ಮ ನಿರಪರಾಧಿತ್ವವನ್ನು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ, ನಿಜವಾದ ಕೊಲೆಗಾರನನ್ನು ಹಿಡಿದು ತರಬೇಕಾಗಿಯೂ ಇಲ್ಲ. ಕೊಲೆಗಾರ ಸಿಗದೇ ಹೋದ ಪ್ರಕರಣದಲ್ಲಿ ಊರಿನ ಬಾಯಿ ಇದನ್ನು ಒಪ್ಪುವುದು ಕಷ್ಟ. ಜಾಗ ಖಾಲಿ ಬಿದ್ದಿದ್ದರೆ ಅಲ್ಲಿ ಒಮ್ಮೆ ನಿಂತು ಹೋದವರನ್ನೇ ಮತ್ತೆ ಮತ್ತೆ ನಿಲ್ಲಿಸುತ್ತಾರೆ. ಗೆಳೆಯರು ಸತ್ತು ತಾನೊಬ್ಬನೇ ಉಳಿದ ಸಂಕಟದ ಜತೆಗೆ ಇದೂ ಸೇರಿಕೊಂಡರೆ ಅದಕ್ಕೆ ಪರಿಹಾರವಿದೆಯೇ ಎಂದರೆ, ಕಾನೂನಿನಲ್ಲಿ ಹಣದ ಪರಿಹಾರವಿದೆ. ದೀರ್ಘ ಕಾಲದ ವಿಚಾರಣಾ ಬಂಧನದಲ್ಲಿ ಅನುಭವಿಸಿದ ಮಾನಸಿಕ ಯಾತನೆಗಾಗಿ ಫಿನ್ಲೆಂಡ್ ಸರ್ಕಾರ ಅವರಿಗೆ 44,900 ಯೂರೊ ಕೊಟ್ಟಿತು. ನಮ್ಮಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದು ಖುಲಾಸೆಯಾದವರಿಗೆ ಇಂಥ ಪರಿಹಾರವನ್ನು ಹಕ್ಕಾಗಿ ಕೊಡುವ ಸಾಮಾನ್ಯ ಕಾನೂನು ಇಲ್ಲ. ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋಗಿ ಗುದ್ದಾಡಬೇಕು. ಈ ಒಂದು ವಿಷಯದಲ್ಲಿ ಫಿನ್ಲೆಂಡನ್ನು ನೋಡಿ ಕಲಿಯಬಹುದು ಎಂದು ನನ್ನ ಅಭಿಪ್ರಾಯ.

ಕಾಲಮಿತಿ ಇಲ್ಲದ್ದರಿಂದ ಹೊಸದಾಗಿ ಏನಾದರೂ ಸಿಕ್ಕರೆ ತನಿಖೆಗೆ ಈಗಲೂ ಕಾನೂನಿನ ಅಡ್ಡಿಯಿಲ್ಲ. ಆದರೆ ಇನ್ನೂ ಸೂಕ್ಷ್ಮವಾದ ಡಿಎನ್‌ಎ ಪರೀಕ್ಷೆ ಬಂದರೂ ಅದೇ ಶೂಗಳಿಂದ ಹೊಸ ಮಾತು ಹೊರಡುವುದು ಕಷ್ಟ. ಕಾಲ ಮತ್ತು ಕಾಲು ಎರಡರ ಪ್ರಶ್ನೆಯೂ ಹಾಗೆಯೇ ಉಳಿಯುತ್ತದೆ. ಬೇಕಾಗಿರುವುದು ಬೇರೆಯದೇ ವಸ್ತು: ಆ ಚಾಕು, ಆ ಬೈಕುಗಳ ಕೀಲಿ, ಅಥವಾ ಅಲ್ಲಿ ಇರಬಾರದಿದ್ದ ಯಾರದೋ ಒಂದು ಗುರುತು.